ಅಚ್ಚಿನ ಪುಟದ ದುಃಖ: ಬರ್ಲಿನ್, ಶಾಂಘೈ, ಮಿಡ್ನಾಪುರ



1931ರ ಸೆಪ್ಟೆಂಬರ್‌ನಲ್ಲಿ ಶಾಂಘೈ ನಗರದಿಂದ ‘ಬೇಯ್‌ದೌ’ ಎಂಬ ಸಾಹಿತ್ಯ ಪತ್ರಿಕೆಯ ಮೊದಲ ಸಂಚಿಕೆ ಹೊರಬಂತು. ಅದರಲ್ಲೊಂದು ಮರದಚ್ಚಿನ ಚಿತ್ರವಿತ್ತು. ಸುತ್ತಲೂ ಕಪ್ಪು. ನಡುವೆ ಕಣ್ಣು ಮುಚ್ಚಿ ನಿಂತ ಒಬ್ಬ ಬೆತ್ತಲೆ ತಾಯಿ. ಎರಡೂ ಕೈಗಳಲ್ಲಿ ಹಸುಗೂಸನ್ನು ಎತ್ತಿ ಮುಂದಕ್ಕೆ ಚಾಚಿದ್ದಾಳೆ. ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸ್ ಅವರ ಆ ಚಿತ್ರದ ಹೆಸರು ‘ಬಲಿ’. ಅದನ್ನು ಪತ್ರಿಕೆಗೆ ಆರಿಸಿಕೊಟ್ಟವರು ಚೀನಾದ ದೊಡ್ಡ ಲೇಖಕ ಲೂ ಶುನ್.

ಕೊಂಡು ಓದಿದವರಲ್ಲಿ ಬಹಳ ಮಂದಿಗೆ ಅದು ಪರದೇಶದ ಒಂದು ಒಳ್ಳೆಯ ಕಲಾಕೃತಿಯಾಗಿ ಕಂಡಿರಬೇಕು. ಲೂ ಶುನ್ ಅವರಿಗೆ ಅದು ಶ್ರದ್ಧಾಂಜಲಿ. ಅದೇ ವರ್ಷದ ಫೆಬ್ರುವರಿ 7ರಂದು ಅವರ ಕಿರಿಯ ಗೆಳೆಯ, ಲೇಖಕ ರೌ ಶಿಯನ್ನು ಸರ್ಕಾರ ಗುಂಡಿಟ್ಟು ಕೊಂದಿತ್ತು. ಊರಲ್ಲಿ ರೌ ಶಿಯ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ಆ ಸಾವಿನ ಬಗ್ಗೆ ಬಹಿರಂಗವಾಗಿ ಬರೆಯುವ ಹಾಗಿರಲಿಲ್ಲ. ಆದ್ದರಿಂದ ಲೂ ಶುನ್, ಮಗನನ್ನು ಒಪ್ಪಿಸುತ್ತಿರುವ ತಾಯಿಯ ಚಿತ್ರವೊಂದನ್ನು ಅಚ್ಚು ಹಾಕಿಸಿದರು. ಅದು ಗೆಳೆಯನ ನೆನಪಿಗಾಗಿ, ತನ್ನ ಮನಸ್ಸಿಗೆ ಮಾತ್ರ ಗೊತ್ತಿದ್ದ ಗುರುತು ಎಂದು ಎರಡು ವರ್ಷಗಳ ಮೇಲೆ ಒಂದು ಪ್ರಬಂಧದಲ್ಲಿ ಹೇಳಿಕೊಂಡರು. ‘ಬೇಯ್‌ದೌ’ದ ಸಂಪಾದಕಿ ಡಿಂಗ್ ಲಿಂಗ್. ರೌ ಶಿಯ ಜೊತೆಗೇ ಪ್ರಾಣ ಕಳೆದುಕೊಂಡವರಲ್ಲಿ ಅವರ ಗಂಡ ಹು ಯೆಪಿನ್ ಕೂಡ ಒಬ್ಬರು. ಕೊಟ್ಟವರು, ಅಚ್ಚು ಹಾಕಿಸಿದವರು ಇಬ್ಬರೂ ಆಪ್ತರನ್ನು ಕಳೆದುಕೊಂಡವರೇ. ಚಿತ್ರದಲ್ಲಿ ಮಾತ್ರ ಆ ಸಾವಿನ ಒಂದು ಗುರುತೂ ಇಲ್ಲ.

ಈ ಉಪನ್ಯಾಸದಲ್ಲಿ ನಾನು ಹಿಂಬಾಲಿಸಬೇಕೆಂದಿರುವುದು ಈ ಸಂಗತಿಯನ್ನು. ಬರ್ಲಿನ್ನಿನ ತಾಯಿಯೊಬ್ಬಳು ತನ್ನ ಮಗನಿಗಾಗಿ ಕೊರೆದ ಚಿತ್ರ, ಭಾಷೆ ಗೊತ್ತಿಲ್ಲದ ಇನ್ನೊಂದು ನಾಡಿನಲ್ಲಿ ಇನ್ನೊಬ್ಬ ತಾಯಿಯ ಮಗನಿಗೆ ಹೇಗೆ ಒದಗಿತು? ಅಚ್ಚಿನ ಚಿತ್ರದಲ್ಲಿ ಇಂಥ ಒದಗುವ ಗುಣ ಎಲ್ಲಿರುತ್ತದೆ? ಒದಗಲು ಒಪ್ಪದ ಚಿತ್ರಗಳೂ ಇವೆಯೇ? ಇವೆ ಎಂದೇ ನನ್ನ ನಂಬಿಕೆ. ಅದಕ್ಕೆ ಆಮೇಲೆ ಬರುತ್ತೇನೆ.

ಕೋಲ್ವಿಟ್ಸ್ ಹುಟ್ಟಿದ್ದು 1867ರಲ್ಲಿ. ಗಂಡ ಕಾರ್ಲ್ ಬರ್ಲಿನ್ನಿನ ಕಾರ್ಮಿಕರ ಕೇರಿಯಲ್ಲಿ ವೈದ್ಯ. ಅವರಲ್ಲಿಗೆ ಬರುತ್ತಿದ್ದ ಬಡ ಹೆಂಗಸರು, ಅವರ ಬಸಿರು, ಬಾಣಂತನ, ಕೂಸಿನ ಸಾವು ಎಲ್ಲವನ್ನೂ ಕಣ್ಣಾರೆ ಕಂಡೇ ಅವರು ಚಿತ್ರ ಬರೆದರು. 1914ರಲ್ಲಿ ಯುದ್ಧ ಶುರುವಾದಾಗ ಕಿರಿಯ ಮಗ ಪೀಟರ್‌ಗೆ 18 ವರ್ಷ. ಸೈನ್ಯಕ್ಕೆ ಸೇರಲು ತಂದೆಯ ಒಪ್ಪಿಗೆ ಬೇಕಿತ್ತು. ಕಾರ್ಲ್‌ಗೆ ಮನಸ್ಸಿರಲಿಲ್ಲ. ಮಗನ ಪರವಾಗಿ ಮಾತಾಡಿ ಒಪ್ಪಿಸಿದವರು ತಾಯಿ. ಅಕ್ಟೋಬರ್ ಮುಗಿಯುವ ಮೊದಲೇ ಪೀಟರ್ ಬೆಲ್ಜಿಯಂನಲ್ಲಿ ಸತ್ತ.

ಈ ಸಂಗತಿ ತಿಳಿದ ಮೇಲೆ ‘ಬಲಿ’ಯನ್ನು ಮತ್ತೊಮ್ಮೆ ನೋಡಿ. ಆ ಕೈಗಳು ಕೂಸನ್ನು ಕೊಡುತ್ತಿವೆಯೋ, ಕೊಡಲಾರದೆ ಹಿಡಿದುಕೊಂಡಿವೆಯೋ ಹೇಳುವುದು ಕಷ್ಟ. ಬೆನ್ನ ಹಿಂದಿನ ಕಪ್ಪು ಬಾಗಿ ಬಂದು ತಾಯಿ ಮಗು ಇಬ್ಬರನ್ನೂ ಗರ್ಭದ ಹಾಗೆ ಸುತ್ತಿಕೊಂಡಿದೆ. ಹಡೆದ ಕೈಯೇ ಒಪ್ಪಿಸಿದ ಕೈ. ಈ ಚಿತ್ರವಿರುವ ‘ಯುದ್ಧ’ ಎಂಬ ಏಳು ಮರದಚ್ಚುಗಳ ಕಟ್ಟು ಹೊರಬಂದದ್ದು 1923ರಲ್ಲಿ, ಮಗ ಸತ್ತು ಒಂಬತ್ತು ವರ್ಷಕ್ಕೆ. ಅಷ್ಟು ಕಾಲ ಏಕೆ ಬೇಕಾಯಿತೆಂದರೆ, ಅವರಿಗೆ ಚೆನ್ನಾಗಿ ಕೈಗೂಡಿದ್ದ ವಿಧಾನಗಳಲ್ಲಿ ಈ ದುಃಖ ಕೂರಲಿಲ್ಲ. ತಾಮ್ರದ ತಗಡಿನ ಮೇಲೆ ಎಚಿಂಗ್ ಮಾಡಿ ನೋಡಿದರು, ಕಲ್ಲಚ್ಚಿನಲ್ಲಿ ನೋಡಿದರು. ತೃಪ್ತಿಯಾಗಲಿಲ್ಲ. 1920ರಲ್ಲಿ ಜರ್ಮನಿಯದೇ ಕಲಾವಿದ ಅರ್ನ್‌ಸ್ಟ್ ಬಾರ್ಲಾಖ್ ಅವರ ಮರದಚ್ಚುಗಳನ್ನು ಕಂಡ ಮೇಲೆ, ಐವತ್ತು ದಾಟಿದ್ದ ಆಕೆ ಉಳಿ ಹಿಡಿದರು.

ಏಳು ಚಿತ್ರಗಳಲ್ಲಿ ರಣರಂಗ ಎಲ್ಲೂ ಇಲ್ಲ. ಎರಡನೆಯದರಲ್ಲಿ ಸಾವು ನಗಾರಿ ಬಾರಿಸುತ್ತ ನಡೆದಿದೆ, ಹುಡುಗರು ಬಾಯಿ ತೆರೆದು ಹಿಂದೆ ಹೊರಟಿದ್ದಾರೆ. ಸಾವಿನ ಪಕ್ಕದಲ್ಲೇ ಇರುವ ಮುಖ ಪೀಟರನದು. ಮಿಕ್ಕವು ಹೆಚ್ಚಾಗಿ ಹಿಂದೆ ಉಳಿದವರ ಚಿತ್ರಗಳು. ‘ತಂದೆತಾಯಿ’ ಎಂಬ ಮೂರನೆಯದು ನನ್ನ ಮಟ್ಟಿಗೆ ಇಡೀ ಕಟ್ಟಿನ ಹೃದಯ. ಇಬ್ಬರು ಮೊಣಕಾಲೂರಿ ಒಬ್ಬರ ಮೇಲೊಬ್ಬರು ಕುಸಿದಿದ್ದಾರೆ. ಎರಡು ಮೈ ಸೇರಿ ಒಂದೇ ಗುಡ್ಡೆಯಾಗಿದೆ. ತಂದೆಯ ಅಂಗೈ ಅವನ ಮುಖವನ್ನು ಮುಚ್ಚಿದೆ. ತಾಯಿಯ ಮುಖ ಅವನ ಮೈಯಲ್ಲಿ ಹುದುಗಿದೆ. ನಮಗೆ ಕಾಣುವುದು ಬಾಗಿದ ಬೆನ್ನು, ಬಟ್ಟೆಯ ಭಾರ, ಒಂದು ದೊಡ್ಡ ಕೈ. ಇಬ್ಬರಲ್ಲಿ ಒಬ್ಬರ ಕಣ್ಣೂ ನಮಗೆ ಕಾಣುವುದಿಲ್ಲ.

ಇಲ್ಲಿ ಭರತನನ್ನು ನೆನೆಯುವುದು ಸರಿಯೆನಿಸುತ್ತದೆ. ಕರುಣ ರಸದ ಅನುಭಾವಗಳನ್ನು ಹೇಳುವಾಗ ನಾಟ್ಯಶಾಸ್ತ್ರ ಕಣ್ಣೀರು, ಗೋಳಾಟ, ಬಾಯಿ ಒಣಗುವುದು, ಬಣ್ಣ ಕೆಡುವುದು, ಮೈಯ ಕೀಲು ಸಡಿಲಿ ಜೋಲುವುದು, ನಿಟ್ಟುಸಿರು, ನೆನಪು ತಪ್ಪುವುದು ಎಂದು ಒಂದೊಂದಾಗಿ ಎಣಿಸುತ್ತದೆ. ರಂಗದ ನಟನಿಗೆ ಇವೆಲ್ಲ ಸಾಧ್ಯ. ಅವನಿಗೆ ದನಿಯಿದೆ, ಮೈಬಣ್ಣವಿದೆ, ಹೊತ್ತು ಕಳೆಯುವ ಅನುಕೂಲವಿದೆ. ಕಪ್ಪುಬಿಳುಪಿನ ಪುಟದಲ್ಲಿ ಕೂತ ಚಿತ್ರಕ್ಕೆ ಇವುಗಳಲ್ಲಿ ಏನು ಉಳಿಯುತ್ತದೆ? ಗೋಳಿಗೆ ದನಿಯಿಲ್ಲ. ನಿಟ್ಟುಸಿರಿಗೆ ಹೊತ್ತಿಲ್ಲ. ಬಣ್ಣ ಕೆಡಲು ಬಣ್ಣವೇ ಇಲ್ಲ. ಕಣ್ಣೀರನ್ನು ಬರೆಯಬಹುದು, ಆದರೆ ಅಚ್ಚಿನಲ್ಲಿ ಅದು ಕೆನ್ನೆಯ ಮೇಲಿನ ಚುಕ್ಕೆಯಾಗಿ ನಿಂತುಬಿಡುತ್ತದೆ, ಹರಿಯುವುದಿಲ್ಲ. ಉಳಿಯುವುದು ಒಂದೇ, ಜೋತುಬಿದ್ದ ಮೈ. ಕೋಲ್ವಿಟ್ಸ್ ತಮ್ಮ ದುಃಖವನ್ನೆಲ್ಲ ಇಟ್ಟಿರುವುದು ಅಲ್ಲಿಯೇ, ಹೆಗಲ ಇಳಿಜಾರಿನಲ್ಲಿ, ಕತ್ತಿನ ಬಾಗಿನಲ್ಲಿ, ಬೆರಳಿನ ಹಿಡಿತದಲ್ಲಿ. ಅವರು ಭರತನನ್ನು ಓದಿ ಹೀಗೆ ಮಾಡಿದರೆಂದು ನಾನು ಹೇಳುತ್ತಿಲ್ಲ. ಪುಟದ ಮಿತಿಗೆ ಸೋಲದೆ ನಿಂತ ಯಾವ ಕಲಾವಿದರೂ ಈ ಜಾಗಕ್ಕೇ ಬಂದು ಸೇರುತ್ತಾರೆ ಎನ್ನುವುದು ನನ್ನ ಮಾತು. ಗ್ರೀಸಿನ ಹಳೆಯ ಚಿತ್ರಕಾರ ಟಿಮಾಂಥೀಸ್ ಬಗ್ಗೆ ರೋಮಿನ ಲೇಖಕ ಪ್ಲಿನಿ ಒಂದು ಸಂಗತಿ ಬರೆದಿಟ್ಟಿದ್ದಾನೆ. ಇಫಿಜೀನಿಯಾಳನ್ನು ಬಲಿ ಕೊಡುವ ಚಿತ್ರದಲ್ಲಿ ಸುತ್ತ ನಿಂತವರ ಮುಖಗಳಲ್ಲಿ ದುಃಖವನ್ನು ತೋರಿಸಿ, ಹೆತ್ತ ತಂದೆಯ ಮುಖಕ್ಕೆ ಮಾತ್ರ ಮುಸುಕು ಹಾಕಿದನಂತೆ. ಬಲಿಗೆ ಒಪ್ಪಿದ ತಂದೆ ಅವನು. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಬರ್ಲಿನ್ನಿನ ತಾಯಿಯೂ ತಂದೆಯ ಮುಖವನ್ನು ಅಂಗೈಯಿಂದ ಮುಚ್ಚಿದಳು.

ಮರವೇ ಏಕೆ ಬೇಕಾಯಿತು? ಕೊರೆಯುವ ಕೆಲಸದಲ್ಲಿ ಕಲಾವಿದರು ಮಾಡುವುದು ಬೆಳಕನ್ನು ಮಾತ್ರ. ಉಳಿ ತೆಗೆದ ಕಡೆ ಕಾಗದ ಬಿಳಿಯಾಗಿ ಉಳಿಯುತ್ತದೆ, ಮುಟ್ಟದೆ ಬಿಟ್ಟ ಕಡೆ ಮಸಿ ಹತ್ತುತ್ತದೆ. ಕತ್ತಲೆ ಮೊದಲೇ ಅಲ್ಲಿರುತ್ತದೆ. ತಪ್ಪಿ ತೆಗೆದ ಚೂರನ್ನು ಮತ್ತೆ ಅಂಟಿಸಲಾಗದು. ಎಚಿಂಗಿನ ಸಣ್ಣ ಗೆರೆಗಳು ಕೆನ್ನೆಯ ಸುಕ್ಕು, ರೆಪ್ಪೆಯ ನೆರಳು ಎಂದು ವಿವರಗಳ ಕಡೆ ಕರೆದೊಯ್ಯುತ್ತವೆ, ನೋಡುವವರು ವಿವರವನ್ನು ಮೆಚ್ಚಿ ದುಃಖವನ್ನು ದಾಟಿಹೋಗಬಹುದು. ಮರ ಆ ಅವಕಾಶ ಕೊಡುವುದಿಲ್ಲ. ಇನ್ನೊಂದು ಕಾರಣ ಅಚ್ಚುಕೂಟದ್ದು. ಮರದಚ್ಚಿನ ಉಬ್ಬಿದ ಮೈಯೂ ಅಚ್ಚುಮೊಳೆಯ ಉಬ್ಬಿದ ಮೈಯೂ ಒಂದೇ ಎತ್ತರಕ್ಕೆ ಕೂರುತ್ತವೆ, ಒಂದೇ ಮಸಿ ಹೀರುತ್ತವೆ, ಒಂದೇ ಒತ್ತಿಗೆ ಕಾಗದಕ್ಕೆ ಇಳಿಯುತ್ತವೆ. ಅಕ್ಷರದ ಕಪ್ಪೂ ಚಿತ್ರದ ಕಪ್ಪೂ ಒಂದೇ. ಕೆಟ್ಟ ಕಾಗದದ ಮೇಲೂ ಅದು ಕೆಡುವುದಿಲ್ಲ. ಚಿತ್ರ ಅಗ್ಗವಾಗಿರಬೇಕು, ಬಡವರ ಕೈಗೆ ಸಿಗಬೇಕು ಎಂದು ಬಯಸಿದ್ದ ಕೋಲ್ವಿಟ್ಸ್‌ಗೆ ಇದು ಸಣ್ಣ ಮಾತಾಗಿರಲಿಲ್ಲ.

ಈಗ ಶಾಂಘೈಗೆ ಮರಳೋಣ. ‘ಬೇಯ್‌ದೌ’ದಲ್ಲಿ ‘ಬಲಿ’ ಅಚ್ಚಾದ ವರ್ಷವೇ, ಆಗಸ್ಟ್‌ನಲ್ಲಿ, ಲೂ ಶುನ್ ಯುವಕರಿಗಾಗಿ ಮರದಚ್ಚಿನ ತರಗತಿ ನಡೆಸಿದ್ದರು. ಕಲಿಸಿದವರು ಉಚಿಯಾಮ ಕಕಿಚಿ ಎಂಬ ಜಪಾನೀಯರು. ಚೀನಾದ ಹೊಸ ಮರದಚ್ಚಿನ ಚಳವಳಿ ಅಲ್ಲಿಂದ ಬೆಳೆಯಿತು. 1936ರಲ್ಲಿ, ಕಾಯಿಲೆ ತೀರ ಮುಂದುವರಿದಿದ್ದಾಗ, ಲೂ ಶುನ್ ಕೋಲ್ವಿಟ್ಸ್ ಅವರ 21 ಚಿತ್ರಗಳ ಪುಸ್ತಕವೊಂದನ್ನು ತಾವೇ ಹೊರತಂದರು. ಅಚ್ಚಾದದ್ದು 103 ಪ್ರತಿ. ಚಿತ್ರಗಳು ಕೊಲೋಟೈಪ್ ವಿಧಾನದವು, ಹೊಲಿಗೆ ಚೀನಾದ ಸಾಂಪ್ರದಾಯಿಕ ದಾರದ್ದು, ಮುನ್ನುಡಿ ಅಮೆರಿಕದ ಪತ್ರಕರ್ತೆ ಆಗ್ನೆಸ್ ಸ್ಮೆಡ್ಲಿ ಅವರದು. ಹಕ್ಕು ಕಾದಿರಿಸಿದೆ ಎಂದು ಹಾಕುವ ಜಾಗದಲ್ಲಿ, ಯಾರಾದರೂ ಮರುಮುದ್ರಿಸಿದರೆ ದೊಡ್ಡ ಪುಣ್ಯ ಎಂಬ ಅರ್ಥದ ಸಾಲು ಹಾಕಿಸಿದರು. ಪುಸ್ತಕದ ವ್ಯವಹಾರದಲ್ಲಿ ಇಷ್ಟು ಉದಾರವಾದ ಸಾಲನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಹೊತ್ತಿಗೆ ಜರ್ಮನಿಯಲ್ಲಿ ನಾಜಿಗಳು ಕೋಲ್ವಿಟ್ಸ್‌ರನ್ನು ಅಕಾಡೆಮಿಯಿಂದ ಹೊರಗೆ ಹಾಕಿ ಅವರ ಚಿತ್ರಗಳ ಪ್ರದರ್ಶನವನ್ನು ತಡೆಯುತ್ತಿದ್ದರು. ತಾಯ್ನಾಡಿನ ಗೋಡೆಯಲ್ಲಿ ಜಾಗ ಕಳೆದುಕೊಂಡ ಚಿತ್ರಗಳು ಶಾಂಘೈಯ ಪುಸ್ತಕದಲ್ಲಿ ಬದುಕಿದವು. ಆ ಅಕ್ಟೋಬರ್‌ನಲ್ಲಿ ಲೂ ಶುನ್ ತೀರಿಕೊಂಡರು.

‘ಬಲಿ’ಯ ತಾಯಿಗೆ ಹೆಸರಿಲ್ಲ, ಊರಿಲ್ಲ, ಮೈಮೇಲೆ ಜರ್ಮನಿಯೆಂದು ಹೇಳುವ ಬಟ್ಟೆಯೂ ಇಲ್ಲ. ಕೋಲ್ವಿಟ್ಸ್ ತಮ್ಮ ಮಗನ ಸಾವಿನಿಂದ ಮಗನ ವಿವರಗಳನ್ನು ಒಂದೊಂದಾಗಿ ಕೊರೆದು ತೆಗೆದುಹಾಕಿದ್ದರಿಂದಲೇ ಅಲ್ಲಿ ರೌ ಶಿಗೆ ಜಾಗವಾಯಿತು. ಹೆಸರಿಲ್ಲದ ದುಃಖವನ್ನು ಇನ್ನೊಬ್ಬರು ಎರವಲು ಪಡೆಯಬಹುದು.

ನಮ್ಮದೇ ದೇಶದಲ್ಲಿ, ಹತ್ತು ಹನ್ನೆರಡು ವರ್ಷಗಳ ಮೇಲೆ, ಇದಕ್ಕೆ ಎದುರಾದ ದಾರಿಯೊಂದು ಕಾಣಿಸಿಕೊಂಡಿತು. 1942ರ ಅಕ್ಟೋಬರ್‌ನಲ್ಲಿ ಚಂಡಮಾರುತ ಬಂಗಾಳದ ಮಿಡ್ನಾಪುರ ಜಿಲ್ಲೆಯನ್ನು ಹಾಳುಗೆಡವಿತು. ಮರುವರ್ಷದ ಬರಗಾಲ ಆ ಜಿಲ್ಲೆಯನ್ನು ಇನ್ನಷ್ಟು ಹಿಂಡಿತು. ಇಡೀ ಬಂಗಾಳದಲ್ಲಿ ಸತ್ತವರು ಬೇರೆ ಬೇರೆ ಅಂದಾಜುಗಳಲ್ಲಿ 15 ಲಕ್ಷದಿಂದ 30 ಲಕ್ಷ. ಅಕ್ಕಿ ಇರಲಿಲ್ಲ ಎನ್ನುವುದಕ್ಕಿಂತ ಕೊಳ್ಳುವ ಶಕ್ತಿ ಬಡವರಿಗೆ ಇರಲಿಲ್ಲ ಎಂದು ಅಮರ್ತ್ಯ ಸೇನ್ ಆಮೇಲೆ ವಾದಿಸಿದರು. ಆ ಕಾಲದ ಸರ್ಕಾರಕ್ಕೆ ಸುದ್ದಿಯನ್ನು ಅದುಮಿಡುವ ಆತುರ. 1943ರ ಆಗಸ್ಟ್‌ನಲ್ಲಿ ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಬೀದಿಯ ಹೆಣಗಳ ಫೋಟೋಗಳನ್ನು ಅಚ್ಚುಹಾಕಿ ಆ ಮೌನ ಮುರಿದರು.

ಅದೇ ವರ್ಷದ ನವೆಂಬರ್‌ನಲ್ಲಿ 28 ವರ್ಷದ ಚಿತ್ತಪ್ರಸಾದ್ ಭಟ್ಟಾಚಾರ್ಯ ಕಾಗದ, ಲೇಖನಿ, ಮಸಿ ಹಿಡಿದು ಮಿಡ್ನಾಪುರದ ಹಳ್ಳಿಗಳನ್ನು ಸುತ್ತಿದರು. ಅವರು ಕಮ್ಯುನಿಸ್ಟ್ ಪಕ್ಷದ ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದ ಕಲಾವಿದ. ಕಂಡದ್ದನ್ನು ಬರಹದಲ್ಲೂ ಚಿತ್ರದಲ್ಲೂ ಇಟ್ಟು ‘ಹಂಗ್ರಿ ಬೆಂಗಾಲ್’ ಎಂಬ ಸಣ್ಣ ಪುಸ್ತಕ ಮಾಡಿದರು, ಅದು ಬೊಂಬಾಯಿಯಲ್ಲಿ ಅಚ್ಚಾಯಿತು. ಸರ್ಕಾರ ಪ್ರತಿಗಳನ್ನು ವಶಪಡಿಸಿಕೊಂಡು ಸುಟ್ಟಿತು. ಕುಟುಂಬದವರಲ್ಲಿ ಉಳಿದಿದ್ದ ಒಂದು ಪ್ರತಿಯಿಂದ 2011ರಲ್ಲಿ ಅದರ ಯಥಾಪ್ರತಿ ಮತ್ತೆ ಬಂತು. ಫೋಟೋ ಹಾಕಿದ ಇಂಗ್ಲಿಷ್ ಒಡೆತನದ ಪತ್ರಿಕೆ ಉಳಿಯಿತು, ಮಸಿಯ ಗೆರೆಗಳ ಪುಸ್ತಕ ಸುಟ್ಟುಹೋಯಿತು. ಇದನ್ನು ನಾವು ಮರೆಯಬಾರದು.

ಪುಸ್ತಕದ ಪುಟ ತಿರುಗಿಸುವಾಗ ಮೊದಲು ಕಣ್ಣಿಗೆ ಬೀಳುವುದು ಪಕ್ಕೆಲುಬು. ಚಿತ್ತಪ್ರಸಾದರ ಲೇಖನಿ ಎಲುಬನ್ನು ಎಣಿಸುತ್ತದೆ. ‘ತಂದೆತಾಯಿ’ಯಲ್ಲಿ ಕೋಲ್ವಿಟ್ಸ್ ಮೈಯನ್ನು ಬಟ್ಟೆಯ ಕಪ್ಪಿನಲ್ಲಿ ಮುಳುಗಿಸಿದರು, ಇವರು ಬಟ್ಟೆಯೇ ಇಲ್ಲದ ಮೈಯ ಗಂಟುಗಂಟನ್ನೂ ತೋರಿಸುತ್ತಾರೆ. ಹಿಂದೆ ಖಾಲಿ ಕಾಗದ. ಆಮೇಲೆ ಕಣ್ಣು ಕೆಳಗೆ ಇಳಿಯುತ್ತದೆ. ಅಲ್ಲಿ ಹೆಸರಿರುತ್ತದೆ, ಊರಿರುತ್ತದೆ. ಈತ ಯಾರು, ಎಷ್ಟು ಜಮೀನಿತ್ತು, ಮನೆಯವರು ಏನಾದರು ಎಂದು ಪಕ್ಕದ ಬರಹ ಹೇಳುತ್ತದೆ. ಆ ಹೆಸರುಗಳನ್ನು ಓದಿದ ಮೇಲೆ ಆ ಚಿತ್ರ ನನಗೆ ಒದಗುವುದಿಲ್ಲ. ನನ್ನ ಮನೆಯ ಸಾವನ್ನು ಅಲ್ಲಿ ಇಟ್ಟುಕೊಳ್ಳಲು ಆ ಮನುಷ್ಯ ಜಾಗ ಬಿಡುವುದಿಲ್ಲ. ಅದು ಅವನ ಜಾಗ. ಅವನಿಗಾದ ಅನ್ಯಾಯಕ್ಕೆ ಒಂದು ತಾರೀಖಿದೆ, ಅದಕ್ಕೆ ಹೊಣೆಯಾದವರಿದ್ದಾರೆ. ಸರ್ಕಾರ ಸುಟ್ಟಿದ್ದು ಈ ಹೆಸರುಗಳನ್ನೇ ಎಂದು ನನಗೆ ಅನ್ನಿಸುತ್ತದೆ. ಸ್ಪೇನಿನ ಗೋಯಾ ಕೂಡ ‘ಯುದ್ಧದ ಅನಾಹುತಗಳು’ ಮಾಲೆಯ ಒಂದು ಎಚಿಂಗಿಗೆ ‘ನಾನು ಕಂಡೆ’ ಎಂದು ಹೆಸರಿಟ್ಟಿದ್ದ. ಅವನು ಕೊಟ್ಟದ್ದು ಕಂಡವನ ಸಾಕ್ಷಿ, ಚಿತ್ತಪ್ರಸಾದ್ ಕೊಟ್ಟದ್ದು ಸತ್ತವರ ವಿಳಾಸ. ಗೋಯಾನ ಆ 80 ಚಿತ್ರಗಳು ಕೂಡ ಅವನು ಸತ್ತು 35 ವರ್ಷದ ಮೇಲೆ, 1863ರಲ್ಲಿ ಅಚ್ಚಾದವು.

ಇದೇ ಬರಗಾಲದಲ್ಲಿ ಜೈನುಲ್ ಆಬೆದಿನ್ ಕಲ್ಕತ್ತೆಯ ಬೀದಿಯಲ್ಲಿ ಅಗ್ಗದ ಕಾಗದದ ಮೇಲೆ ಕಪ್ಪು ಮಸಿಯ ಒಣ ಕುಂಚದಿಂದ ಬರೆದರು. ಕುಂಚದಲ್ಲಿ ಮಸಿ ತೀರುತ್ತ ಬಂದಾಗ ಗೆರೆ ಸೀಳುತ್ತದೆ, ಅರ್ಧಕ್ಕೇ ಒಣಗುತ್ತದೆ. ಅವರು ಆ ಒಣಗಿದ ಗೆರೆಯಿಂದಲೇ ಕೈಕಾಲು ಬರೆದರು. ತಾಯಿಯ ತೋಳು ಅಲ್ಲಲ್ಲಿ ತುಂಡಾಗಿ, ಕಾಗದದ ಬಣ್ಣವೇ ಚರ್ಮವಾಗಿ ಕಾಣುತ್ತದೆ. ಈ ಚಿತ್ರಗಳು 1944ರಲ್ಲಿ ಇಲಾ ಸೇನ್ ಅವರ ‘ಡಾರ್ಕನಿಂಗ್ ಡೇಸ್’ ಪುಸ್ತಕದಲ್ಲಿ ಬಂದವು. ಅವು ಬೀದಿಯಲ್ಲಿ ಕಂಡು ಬರೆದವು, ಪುಸ್ತಕದ ಪ್ರಸಂಗಗಳಿಗೆ ಹೊಂದಿಸಿ ಕೂತು ಬರೆದವಲ್ಲ. ಆದ್ದರಿಂದ ಬರಹವನ್ನು ಮತ್ತೆ ಹೇಳುವ ಬದಲು ಅದರ ಪಕ್ಕದಲ್ಲಿ ತಮ್ಮ ಪಾಡಿಗೆ ತಾವು ಕೂತಿವೆ. ಕತೆಯಲ್ಲಿ ಅತ್ತರೆಂದು ಬಂದ ಕಡೆ ಅಳುವ ಮುಖ ಬರೆದುಬಿಡುವ ಚಿತ್ರಕಾರರು ಇದರಿಂದ ಕಲಿಯುವುದು ಬಹಳವಿದೆ.

ಹೆಸರು ಹೇಳಿಯೂ ನಮಗೆ ಜಾಗ ಬಿಟ್ಟುಕೊಟ್ಟ ಒಂದು ಪುಸ್ತಕ ನನ್ನ ವಾದಕ್ಕೆ ಅಡ್ಡ ಬರುತ್ತದೆ, ಅದನ್ನು ಮುಚ್ಚಿಡಲಾರೆ. ಇಂಗ್ಲೆಂಡಿನ ಕವಿ ಮೈಕೆಲ್ ರೋಸನ್ ಅವರ ಮಗ ಎಡ್ಡಿ 1999ರಲ್ಲಿ, 18ನೆಯ ವಯಸ್ಸಿನಲ್ಲಿ, ಮೆದುಳಿನ ಪೊರೆಯ ಸೋಂಕಿನಿಂದ ತೀರಿಕೊಂಡ. ರೋಸನ್ ಬರೆದ ‘ಸ್ಯಾಡ್ ಬುಕ್’ 2004ರಲ್ಲಿ ಕ್ವೆಂಟಿನ್ ಬ್ಲೇಕ್ ಅವರ ಚಿತ್ರಗಳೊಂದಿಗೆ ಬಂತು. ಮೊದಲ ಚಿತ್ರದಲ್ಲಿ ತಂದೆ ಹಲ್ಲು ಬಿಟ್ಟು ನಗುತ್ತಿದ್ದಾನೆ. ಕೆಳಗಿನ ಬರಹವೋ, ಇದು ದುಃಖದಲ್ಲಿರುವ ನಾನು ಎನ್ನುತ್ತದೆ. ಚಿತ್ರ ಒಂದು ಹೇಳಿ ಅಕ್ಷರ ಇನ್ನೊಂದು ಹೇಳುವಾಗ, ಎರಡರ ನಡುವೆ ಬಿದ್ದ ಓದುಗ ಆ ನಗುವಿನ ಭಾರ ಹೊರಬೇಕಾಗುತ್ತದೆ. ಮುಂದೊಂದು ಕಡೆ ಎಡ್ಡಿ ಕೂಸಿನಿಂದ ಹುಡುಗನಾಗಿ ಬೆಳೆಯುವುದು ಸಾಲು ಚಿತ್ರಗಳಲ್ಲಿ ಬರುತ್ತದೆ, ಕೊನೆಯ ಚಿತ್ರ ಇರಬೇಕಾದಲ್ಲಿ ಏನೂ ಇಲ್ಲ. ಒಂಟಿ ಹಾಳೆಯ ಚಿತ್ರಕ್ಕೆ ಇದು ಸಾಧ್ಯವಿಲ್ಲ. ಮುಂದಿನದನ್ನು ಕಾಯಿಸುವ ಶಕ್ತಿ ಪುಸ್ತಕಕ್ಕಿದೆ. ಬ್ಲೇಕ್ ಅದನ್ನು ಕಾಯಿಸಿ, ಕೊಡದೆ ಬಿಟ್ಟರು. ಇಲ್ಲಿ ಸತ್ತವನಿಗೆ ಹೆಸರಿದೆ, ಆದರೆ ಆ ಬಿಳಿ ಜಾಗ ಯಾರದೂ ಆಗಬಲ್ಲದು.

ಹೆಸರಿಲ್ಲದ ದುಃಖ, ಹೆಸರಿರುವ ದುಃಖ ಎಂಬ ಈ ಎರಡು ದಾರಿಗಳಲ್ಲೂ ನಡೆದವರು ಬಂಗಾಳದ ಸೋಮನಾಥ ಹೋರ್. 1921ರಲ್ಲಿ ಚಟ್ಟಗ್ರಾಮದ ಕಡೆ ಹುಟ್ಟಿದ ಅವರಿಗೆ ಬರಗಾಲದ ದಿನಗಳಲ್ಲಿ ದಾರಿ ತೋರಿದವರು ಚಿತ್ತಪ್ರಸಾದ್, ಕಲಾಶಾಲೆಯಲ್ಲಿ ಕಲಿಸಿದವರು ಜೈನುಲ್ ಆಬೆದಿನ್. ಕೋಲ್ವಿಟ್ಸ್ ಅವರ ಕೃತಿಗಳೂ ಚೀನಾದ ಮರದಚ್ಚುಗಳೂ ಅವರ ಮೇಲೆ ಪ್ರಭಾವ ಬೀರಿದವು. ಬರ್ಲಿನ್ನಿನಿಂದ ಶಾಂಘೈ ಸೇರಿದ ಗೆರೆ ಹೀಗೆ ನಮ್ಮಲ್ಲಿಗೂ ಬಂತು. ತೇಭಾಗಾ ರೈತ ಹೋರಾಟದ ದಿನಚರಿಯಲ್ಲಿ ಹೋರ್ ಮುಖಗಳನ್ನು ಬರೆದರು, ಮರದಲ್ಲಿ ಕೊರೆದರು. 1970ರ ದಶಕದ ‘ಗಾಯಗಳು’ ಮಾಲೆಗೆ ಬರುವ ಹೊತ್ತಿಗೆ ಮುಖವನ್ನೂ ಬಿಟ್ಟರು, ಮಸಿಯನ್ನೂ ಬಿಟ್ಟರು. ಅಚ್ಚಿನ ಮೇಲೆ ಬಿಳಿ ಕಾಗದದ ತಿರುಳನ್ನು ಒತ್ತಿ ತೆಗೆದ ಆ ಹಾಳೆಗಳಲ್ಲಿ ಇರುವುದು ಬಿಳಿಯ ಮೇಲೆ ಬಿಳಿ, ನಡುವೆ ಸೀಳು, ತೂತು, ಉಬ್ಬಿದ ಅಂಚು. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಪೂರ್ತಿ ಕಾಣುತ್ತವೆ. ಕಾಗದ ತಾನೇ ಗಾಯಗೊಂಡಿದೆ. ಇವುಗಳನ್ನು ಪುಸ್ತಕದಲ್ಲಿ ಅಚ್ಚುಹಾಕಿದಾಗ ಬಹುಪಾಲು ಕಳೆದುಹೋಗುತ್ತವೆ, ಅಷ್ಟರ ಮಟ್ಟಿಗೆ ಇವು ಪುಸ್ತಕದ ಆಚೆಗೆ ಹೋದವು.

ಕೊನೆಯದಾಗಿ ನಮ್ಮ ಮನೆಯ ಮಾತು. ಕನ್ನಡದ ವಾರಪತ್ರಿಕೆ, ಮಾಸಪತ್ರಿಕೆ, ದೀಪಾವಳಿ ಸಂಚಿಕೆಗಳಲ್ಲಿ ಕತೆಗೆ ಚಿತ್ರ ಬರೆಯುವ ಪರಂಪರೆ ದೊಡ್ಡದು. ಲೈನ್ ಬ್ಲಾಕಿನ ಕಾಲದಲ್ಲಿ ನಮ್ಮ ಕಲಾವಿದರು ನಾಲ್ಕು ಗೆರೆಯಲ್ಲಿ ವಿಧವೆಯ ಬೆನ್ನನ್ನು, ಹೊಸ್ತಿಲಲ್ಲಿ ಕೂತ ಮುದುಕನ ಮೊಣಕಾಲನ್ನು ಬರೆದವರು. ಕತೆ ಸಂಕಲನವಾಗಿ ಬಂದಾಗ ಸಾಮಾನ್ಯವಾಗಿ ಆ ಚಿತ್ರವೂ ಬರುವುದಿಲ್ಲ, ಬರೆದವರ ಹೆಸರೂ ಬರುವುದಿಲ್ಲ. ಹಳೆಯ ಸಂಚಿಕೆಗಳ ಹಾಳೆ ಮುರಿಯುತ್ತಿದೆ. ಈ ಉಪನ್ಯಾಸವನ್ನು ನಡೆಸುವ ದತ್ತಿಯ ಬಡ್ಡಿ ಎಷ್ಟೇ ಇರಲಿ, ಅದರ ಒಂದು ಪಾಲಿನಿಂದ ಆ ಚಿತ್ರಗಳನ್ನು ಸ್ಕ್ಯಾನ್ ಮಾಡಿಸಿ, ಕಲಾವಿದರ ಹೆಸರು, ಸಂಚಿಕೆ, ವರ್ಷ ಬರೆಸಿ, ಅವರ ಮನೆಯವರ ಒಪ್ಪಿಗೆ ಪಡೆದು, ಮುಂದೆ ಆ ಕತೆಗಳನ್ನು ಮರುಮುದ್ರಿಸುವ ಪ್ರಕಾಶಕರಿಗೆ ಬಿಟ್ಟಿಯಾಗಿ ಕೊಡುವ ಏರ್ಪಾಡು ಮಾಡಬೇಕೆಂದು ದತ್ತಿಯ ಹಿರಿಯರನ್ನು ಕೇಳಿಕೊಳ್ಳುತ್ತೇನೆ. ಲೂ ಶುನ್ ತಮ್ಮ ಪುಸ್ತಕದಲ್ಲಿ ಹಾಕಿಸಿದ ಸಾಲನ್ನೇ ಆ ಹಾಳೆಗಳ ಮೇಲೂ ಹಾಕಿಸಬಹುದು. ಈ ಉಪನ್ಯಾಸಕ್ಕೆ ಕೊಡುವ ಗೌರವಧನವನ್ನು ಆ ಕೆಲಸದ ಮೊದಲ ಕಂತಾಗಿ ಇಟ್ಟುಕೊಳ್ಳಿ.